ಅಕಿಲೀಸನ ದುಃಖಕ್ಕೆ ಕಿವಿಗೊಟ್ಟವರು

ಮ್ಯಾಡಲಿನ್ ಮಿಲ್ಲರ್ ಅವರ ‘ದಿ ಸಾಂಗ್ ಆಫ್ ಅಕಿಲೀಸ್’ (2011) ಕಾದಂಬರಿಯಲ್ಲಿ ಟ್ರಾಯ್ ಯುದ್ಧದ ವೀರ ಅಕಿಲೀಸ್ ಮತ್ತು ಅವನ ಒಡನಾಡಿ ಪ್ಯಾಟ್ರೋಕ್ಲಸ್ ಪ್ರೇಮಿಗಳು. ಮೂಲ ಕಾವ್ಯದ ಕವಿ ಹೋಮರ್ ಹಾಗೆ ಬಾಯಿಬಿಟ್ಟು ಹೇಳಿಲ್ಲ, ಸಲಿಂಗ ಪ್ರೇಮ ಇಂದಿನವರು ಹಚ್ಚಿದ ಬಣ್ಣ ಎಂಬ ಆಕ್ಷೇಪವುಂಟು. ಮೊದಲ ಮಾತು ನಿಜ, ಎರಡನೆಯದು ನಿಲ್ಲುವುದಿಲ್ಲ. ಕ್ರಿ.ಪೂ. 5ನೇ ಶತಮಾನದ ನಾಟಕಕಾರ ಈಸ್ಕಿಲಸ್ ಈ ಇಬ್ಬರನ್ನೂ ಪ್ರೇಮಿಗಳೆಂದೇ ಚಿತ್ರಿಸಿದ್ದ; ಪ್ಲೇಟೋನ ‘ಸಿಂಪೋಸಿಯಂ’ನಲ್ಲಿ ತಕರಾರು ಇರುವುದು ಇಬ್ಬರಲ್ಲಿ ಪ್ರೇಮಿ ಯಾರು, ಪ್ರಿಯ ಯಾರು ಎಂಬುದಕ್ಕೆ ಮಾತ್ರ.

ಇಂಥ ಮರುಕಥನ ಗಾಯಗೊಂಡ ಮನಸ್ಸಿಗೆ ಆಸರೆಯಾಗುವುದು ಹೇಗೆ? ಸುಖಾಂತ್ಯವಂತೂ ಇಲ್ಲ, ಇಬ್ಬರೂ ಸಾಯುತ್ತಾರೆ. ಸಂಬಂಧವನ್ನೇ ಒಪ್ಪದ ಸಮಾಜದಲ್ಲಿ ಸಂಗಾತಿಯನ್ನು ಕಳೆದುಕೊಂಡವರಿಗೆ ನಾಲ್ಕು ಜನರೆದುರು ಅಳುವ ಹಕ್ಕೂ ಇರುವುದಿಲ್ಲ. ಅಕಿಲೀಸನೋ ಪ್ಯಾಟ್ರೋಕ್ಲಸ್ ಸತ್ತಾಗ ಎಲ್ಲರೆದುರೇ ತಲೆಗೆ ಬೂದಿ ಸುರಿದುಕೊಂಡು ಗೋಳಾಡುತ್ತಾನೆ. ಇಂಥ ದುಃಖಕ್ಕೆ ಕಿವಿಗೊಡುವವರೂ ಬೇಕು. ವಿಯೆಟ್ನಾಂ ಯುದ್ಧದಿಂದ ಮರಳಿದ ಯೋಧರಿಗೆ ಚಿಕಿತ್ಸೆ ನೀಡಿದ ಅಮೆರಿಕದ ಮನೋವೈದ್ಯ ಜೊನಾಥನ್ ಶೇ, ‘ಅಕಿಲೀಸ್ ಇನ್ ವಿಯೆಟ್ನಾಂ’ (1994) ಪುಸ್ತಕದಲ್ಲಿ, ನಂಬಿ ಕೇಳುವವರ ಮುಂದೆ ನೋವನ್ನು ಹೇಳಿಕೊಳ್ಳುವುದು ಚೇತರಿಕೆಗೆ ಅಗತ್ಯವೆಂದು ವಾದಿಸಿದರು. ಕಾದಂಬರಿ ಚಿಕಿತ್ಸೆಯಲ್ಲ, ಒಪ್ಪಬೇಕು. ಪ್ರೇಮವೊಂದೇ ಎಲ್ಲ ಗಾಯ ಮಾಯಿಸುತ್ತದೆ ಎನ್ನುವ ಅಗ್ಗದ ಕಥೆಗಳಿಗೂ ಬರವಿಲ್ಲ. ಮಿಲ್ಲರ್ ಆ ದಾರಿ ಹಿಡಿಯಲಿಲ್ಲ: ಅವರ ಅಕಿಲೀಸ್ ಪ್ರೀತಿಸುತ್ತಲೇ ಕ್ರೂರಿಯಾಗುತ್ತಾನೆ, ಸತ್ತ ಪ್ಯಾಟ್ರೋಕ್ಲಸನ ಆತ್ಮ ಹೇಳುವ ನೆನಪುಗಳನ್ನು ಕೊನೆಗೆ ಕೇಳಿಸಿಕೊಳ್ಳುವವಳು ಅವನನ್ನು ಕಂಡರಾಗದ ಥೀಟಿಸ್, ಅಕಿಲೀಸನ ತಾಯಿ.