ಗೃಹವೋ, ಗ್ರಹವೋ?

ಹೊಸ ಮನೆ ಕಟ್ಟಿಸಿದವರು ಬಂಧುಮಿತ್ರರಿಗೆ ಕಳುಹಿಸುವ ಆಹ್ವಾನ ಪತ್ರಿಕೆಗಳಲ್ಲಿ ‘ಗ್ರಹಪ್ರವೇಶ’ ಎಂಬ ಶಬ್ದ ಅಚ್ಚಾಗಿ ಬರುವುದು ಅಪರೂಪವೇನಲ್ಲ. ಗೃಹವೆಂದರೆ ಮನೆ, ಗ್ರಹವೆಂದರೆ ಶನಿ, ರಾಹು, ಕೇತುಗಳ ಬಳಗ. ನವಗ್ರಹ ಶಾಂತಿಯನ್ನು ಮಾಡಿಸಿಯೇ ಹೊಸ್ತಿಲು ದಾಟಬೇಕೆಂದಿರುವ ಯಜಮಾನರು ಪತ್ರಿಕೆಯಲ್ಲಿ ಮಾತ್ರ ಗ್ರಹಗಳನ್ನೇ ಒಳಗೆ ಕರೆದುಬಿಟ್ಟಿರುತ್ತಾರೆ! ಪತ್ರಿಕೆ ತಲುಪಿದವರಲ್ಲಿ ಹಲವರು ಇದನ್ನು ಗಮನಿಸದೆ ಊಟಕ್ಕೆ ಬರುತ್ತಾರೆ. ಕೆಲವರು ಗಮನಿಸಿ ನಗುತ್ತಾರೆ. ಒಬ್ಬಿಬ್ಬರಿಗೆ ಮಾತ್ರ ಮೈಯೆಲ್ಲ ಉರಿಯುತ್ತದೆ.

ಕರೆದದ್ದು ಮನೆಯ ಪ್ರವೇಶಕ್ಕೆಂದು ಇವರಿಗೂ ತಿಳಿದಿದೆ. ಹಾಗಿದ್ದೂ ಒಂದು ಒತ್ತಕ್ಷರಕ್ಕಾಗಿ ಇಷ್ಟು ಕೋಪವೇಕೆ? ಈ ಕೋಪ ಎಷ್ಟರಮಟ್ಟಿಗೆ ನ್ಯಾಯವಾದದ್ದು? ವಿಚಾರ ಮಾಡತಕ್ಕ ಪ್ರಶ್ನೆಯಿದು.

ಕಿವಿಗೆ ಕೇಳದ್ದು, ಕಣ್ಣಿಗೆ ಬೇಕಾದ್ದು

ನುಡಿದಂತೆ ಬರೆಯುವ, ಬರೆದಂತೆ ಓದುವ ಭಾಷೆ ಕನ್ನಡವೆಂಬ ಹೆಮ್ಮೆ ಕನ್ನಡಿಗರಿಗುಂಟು. ಇಂಗ್ಲಿಷಿನ ಕಾಗುಣಿತದ ಗೊಂಡಾರಣ್ಯಕ್ಕೆ ಹೋಲಿಸಿದರೆ ಆ ಹೆಮ್ಮೆ ಬಹುಮಟ್ಟಿಗೆ ಸರಿಯೇ. ಆದರೆ ಬ್ರಾಹ್ಮಿಯಿಂದ ಬೆಳೆದು ಬಂದ ಕನ್ನಡ ಲಿಪಿ ಸಂಸ್ಕೃತದ ಧ್ವನಿಗಳಿಗೂ ಎಡೆಮಾಡಿಕೊಟ್ಟಿದೆ. ಖ, ಘ ಮೊದಲಾದ ಹತ್ತು ಮಹಾಪ್ರಾಣಗಳು, ಷಕಾರ, ಋಕಾರ ಇವೆಲ್ಲ ಅಚ್ಚಗನ್ನಡ ಪದಗಳಲ್ಲಿ ತೀರ ವಿರಳ. ಕಲ್ಲು, ಮಣ್ಣು, ನೀರು, ತಾಯಿ, ತಂದೆ, ಊಟ, ನಿದ್ದೆ ಇವು ಯಾವುದಕ್ಕೂ ಮಹಾಪ್ರಾಣದ ಹಂಗಿಲ್ಲ. ದಿನಬಳಕೆಯ ಮಾತಿನಲ್ಲಿ ಬಹುಮಂದಿಯ ನಾಲಿಗೆ ‘ಭಾರತ’ವನ್ನು ‘ಬಾರತ’ವೆಂದೇ ನುಡಿಯುತ್ತದೆ. ಕಿವಿಗೆ ಕೇಳದ ಭೇದವನ್ನು ಕೈ ನೆನಪಿಟ್ಟುಕೊಳ್ಳಬೇಕಾಗಿದೆ. ತಪ್ಪುಗಳ ತವರು ಇದೇ.

ಕೆಲವು ತಪ್ಪುಗಳು ಅರ್ಥವನ್ನೇ ಕೆಡಿಸುತ್ತವೆ. ‘ಮದ್ಯ’ವೆಂದರೆ ಹೆಂಡ, ‘ಮಧ್ಯ’ವೆಂದರೆ ನಡು. ‘ಮಧ್ಯಪಾನ ನಿಷೇಧಿಸಲಾಗಿದೆ’ ಎಂಬ ಫಲಕವನ್ನು ಅಕ್ಷರಶಃ ಪಾಲಿಸುವುದಾದರೆ ನಡುವೆ ಕುಡಿಯುವುದಷ್ಟೇ ತಪ್ಪು. ಮೊದಲಲ್ಲಿ, ಕೊನೆಯಲ್ಲಿ ಕುಡಿಯಲು ಅಡ್ಡಿಯಿಲ್ಲ! ‘ಧನ’ದ ಮಹಾಪ್ರಾಣ ಕಳೆದರೆ ಐಶ್ವರ್ಯವೆಲ್ಲ ಕೊಟ್ಟಿಗೆಯ ‘ದನ’ವಾಗುತ್ತದೆ. ಳಕಾರ ಲಕಾರವಾದರೆ ರೈತನ ‘ಬೆಳೆ’ ವರ್ತಕನ ‘ಬೆಲೆ’ಯಾಗುತ್ತದೆ, ‘ಹಳ್ಳಿ’ ಗೋಡೆಯ ಮೇಲಿನ ‘ಹಲ್ಲಿ’ಯಾಗುತ್ತದೆ.

ಇನ್ನು ಕೆಲವು ತಪ್ಪುಗಳಿಂದ ಅರ್ಥ ಕೆಡದು, ರೂಪ ಮಾತ್ರ ಕೆಡುತ್ತದೆ. ‘ಶುಭಾಶಯ’ ‘ಶುಭಾಷಯ’ವಾಗುತ್ತದೆ, ‘ವಿಶೇಷ’ ‘ವಿಷೇಶ’ವಾಗುತ್ತದೆ, ‘ಚಿಹ್ನೆ’ ‘ಚಿನ್ಹೆ’ಯಾಗುತ್ತದೆ, ‘ಕವಯಿತ್ರಿ’ಯರು ‘ಕವಿಯತ್ರಿ’ಯರಾಗುತ್ತಾರೆ. ‘ಚಿನ್ಹೆ’ಗೆ ನಾಲಿಗೆಯೇ ಕಾರಣ, ಹಕಾರಕ್ಕಿಂತ ಮೊದಲು ಅನುನಾಸಿಕವನ್ನು ನುಡಿಯುವುದು ಅದಕ್ಕೆ ಸುಲಭ.

ಮೂರನೆಯ ಬಗೆಯ ತಪ್ಪಿಗೆ ಅಜ್ಞಾನಕ್ಕಿಂತ ಹೆಚ್ಚಾಗಿ ಭಯವೇ ಕಾರಣ. ಮಹಾಪ್ರಾಣ ಬಿಟ್ಟರೆ ಜನ ನಕ್ಕಾರೆಂದು ಅಂಜಿದವರು ಬೇಡದ ಕಡೆಯಲ್ಲೂ ಅದನ್ನು ತಂದಿಡುತ್ತಾರೆ. ‘ವಿಧ್ಯಾರ್ಥಿ’, ‘ಹಾರ್ಧಿಕ’, ‘ಸಂಭಂದ’, ‘ಆಧರದ ಸ್ವಾಗತ’ ಇವೆಲ್ಲ ಹೀಗೆ ಹುಟ್ಟಿದವು. ಒಮ್ಮೆ ನಕ್ಕವರ ನಗೆ ಒಂದು ತಪ್ಪನ್ನು ಎರಡು ಮಾಡಿತೆಂಬುದಕ್ಕೆ ಇವೇ ಸಾಕ್ಷಿ.

ಇದರ ಮೇಲೆ ಗಣಕಯಂತ್ರವೂ ಬಂದಿದೆ. ಬಹಳವಾಗಿ ಬಳಕೆಯಲ್ಲಿರುವ ಕನ್ನಡ ಕೀಲಿಮಣೆಯಲ್ಲಿ ದಕಾರ ಧಕಾರಗಳಿಗೆ ಒಂದೇ ಕೀಲಿ. ನಕಾರ ಣಕಾರಗಳಿಗೂ, ಲಕಾರ ಳಕಾರಗಳಿಗೂ ಹಾಗೆಯೇ. ‘ಶಿಫ್ಟ್’ ಒತ್ತಿದರೆ ಒಂದು, ಒತ್ತದಿದ್ದರೆ ಇನ್ನೊಂದು. ಅವಸರದ ಕಿರುಬೆರಳು ತುಸು ತಪ್ಪಿದರೆ ‘ಅಣ್ಣ’ನು ‘ಅನ್ನ’ವಾಗಿ ಎಲೆಯ ಮೇಲೆ ಬೀಳುತ್ತಾನೆ.

ಅನ್ನದೊಳಗಿನ ಕಲ್ಲು

ಕೋಪಕ್ಕೆ ಮೊದಲ ಕಾರಣ ಕಣ್ಣಿನ ಅಭ್ಯಾಸ. ಓದು ಪಳಗಿದವರು ಅಕ್ಷರ ಅಕ್ಷರ ಕೂಡಿಸಿ ಓದುವುದಿಲ್ಲ. ಪರಿಚಿತ ಪದವನ್ನು ಒಟ್ಟಾಗಿ ಗುರುತಿಸಿ ಮುಂದೆ ಸಾಗುತ್ತಾರೆ. ತಪ್ಪು ಅಕ್ಷರ ಅನ್ನದೊಳಗೆ ಹಲ್ಲಿಗೆ ಸಿಕ್ಕ ಕಲ್ಲಿನಂತೆ. ಕಲ್ಲು ಚಿಕ್ಕದಾದರೂ ಊಟದ ಗಮನವೆಲ್ಲ ಅದರ ಮೇಲೆಯೇ.

ಎರಡನೆಯದು ಗೌರವದ ಪ್ರಶ್ನೆ. ಸನ್ಮಾನ ಪತ್ರದಲ್ಲಿ ಸನ್ಮಾನಿತರ ಹೆಸರೇ ತಪ್ಪಾಗಿದ್ದರೆ, ಹೊದಿಸಿದ ಶಾಲು ಎಷ್ಟು ಬೆಲೆಯದಾದರೇನು? ಕರಡಚ್ಚನ್ನು ಒಮ್ಮೆ ನೋಡುವಷ್ಟು ವ್ಯವಧಾನವೂ ಇರಲಿಲ್ಲವೆಂಬ ಭಾವನೆ ಉಳಿಯುತ್ತದೆ.

ಮೂರನೆಯ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಶುದ್ಧವಾಗಿ ಬರೆಯುವವರು ಆ ವಿದ್ಯೆಯನ್ನು ಪುಕ್ಕಟೆಯಾಗಿ ಪಡೆದವರಲ್ಲ. ಉಕ್ತಲೇಖನದಲ್ಲಿ ತಪ್ಪಿದ ಪದವನ್ನು ಹತ್ತು ಸಲ ಬರೆದು, ಬೆರಳ ಗೆಣ್ಣಿಗೆ ಪೆಟ್ಟು ತಿಂದು ಕಲಿತವರು. ಅಷ್ಟು ಕಷ್ಟದಿಂದ ಗಳಿಸಿದ್ದನ್ನು ಇನ್ನೊಬ್ಬರು ಲೆಕ್ಕಕ್ಕೇ ಇಡದಿದ್ದಾಗ ಮನಸ್ಸು ಕೆರಳುವುದು ಸಹಜ. ಆದರೆ ಈ ಕೆರಳಿಕೆಯಲ್ಲಿ ಭಾಷಾಭಿಮಾನವೆಷ್ಟು, ‘ನಾನು ಬಲ್ಲೆ’ ಎಂಬ ಹಮ್ಮೆಷ್ಟು ಎಂದು ಬೇರ್ಪಡಿಸುವುದು ಕಷ್ಟ.

ಕೇಶಿರಾಜನ ಪಟ್ಟಿ

ಕಾಗುಣಿತದ ಚಿಂತೆ ಇಂದಿನದಲ್ಲ. ಹಳಗನ್ನಡದಲ್ಲಿ ಱ ಮತ್ತು ೞ ಎಂಬ ಎರಡು ಅಕ್ಷರಗಳಿದ್ದವು. ‘ಬಾೞ್’ ಎಂದರೆ ಜೀವಿಸು. ‘ಬಾಳ್’ ಎಂದರೆ ಕತ್ತಿ. ‘ಅಱಿ’ ಎಂದರೆ ತಿಳಿ. ‘ಅರಿ’ ಎಂದರೆ ಕತ್ತರಿಸು. ಹದಿಮೂರನೆಯ ಶತಮಾನದ ವೈಯಾಕರಣ ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದಲ್ಲಿ ಯಾವ ಯಾವ ಪದಗಳಲ್ಲಿ ೞ ಬರಬೇಕೆಂಬುದನ್ನು ಪಟ್ಟಿ ಮಾಡಿ ಕೊಟ್ಟಿದ್ದಾನೆ. ಎಲ್ಲರೂ ಸರಿಯಾಗಿಯೇ ಬರೆಯುತ್ತಿದ್ದರೆ ಪಟ್ಟಿಯ ಅಗತ್ಯವೇನಿತ್ತು? ಜನರ ನಾಲಿಗೆಯಿಂದ ಆ ಧ್ವನಿ ಜಾರತೊಡಗಿತ್ತೆಂದೇ ಊಹಿಸಬೇಕು. ಕೇಶಿರಾಜನ ಪಟ್ಟಿ ಉಳಿಯಿತು, ಅಕ್ಷರ ಉಳಿಯಲಿಲ್ಲ. ಬಾಳಿಗೂ ಬಾಳಿಗೂ ಒಂದೇ ಳಕಾರವಾಯಿತು, ಕನ್ನಡವೇನೂ ಬಡವಾಗಲಿಲ್ಲ.

ಹಕಾರದ ಕಥೆ ಇನ್ನೂ ಸ್ವಾರಸ್ಯವಾದದ್ದು. ಹತ್ತನೆಯ ಶತಮಾನದ ಪಂಪನ ಕಾಲಕ್ಕೆ ‘ಪಾಲ್’, ‘ಪುಲಿ’, ‘ಪೂ’ ಎಂದಿದ್ದ ಪದಗಳು ಮುಂದೆ ‘ಹಾಲು’, ‘ಹುಲಿ’, ‘ಹೂ’ ಆದವು. ಪಕಾರ ಹಕಾರವಾದದ್ದನ್ನು ವ್ಯಾಕರಣ ಒಪ್ಪಿಕೊಂಡಿತು. ಹಳೆಯ ಮೈಸೂರು ಸೀಮೆಯ ಹಳ್ಳಿಗಳ ಆಡುಮಾತಿನಲ್ಲಿ ಆ ಹಕಾರವೂ ಸವೆದು ‘ಆಲು’, ‘ಉಲಿ’, ‘ಊವು’ ಎಂದಾಗಿದೆ. ಮೊದಲನೆಯ ಬದಲಾವಣೆ ಭಾಷೆಯ ಬೆಳವಣಿಗೆಯೆನಿಸಿದರೆ, ಅದೇ ದಾರಿಯ ಎರಡನೆಯ ಹೆಜ್ಜೆ ಹಳ್ಳಿಗಮಾರನ ಲಕ್ಷಣವೆನಿಸಿಕೊಂಡಿದೆ!

ಇಲ್ಲಿಯೇ ಕೋಪ ಕ್ರೌರ್ಯವಾಗುವುದು. ತಾಯಿಯ ಬಾಯಿಂದ ‘ಆಲು’ ಎಂದೇ ಕೇಳಿ ಬೆಳೆದ ಬಾಲಕ ‘ಆಲು’ ಎಂದೇ ಬರೆಯುತ್ತಾನೆ. ನುಡಿದಂತೆ ಬರೆಯಬೇಕೆಂದು ಕಲಿಸಿದವರ ಮಾತನ್ನು ಅವನು ಚಾಚೂ ತಪ್ಪದೆ ಪಾಲಿಸಿದ್ದಾನೆ. ತರಗತಿಯೆಲ್ಲ ನಕ್ಕರೆ ಅವನಿಗೆ ಕಾಣುವುದು ತನ್ನ ಅಕ್ಷರದ ತಪ್ಪಲ್ಲ, ತನ್ನ ತಾಯಿಯ ಮಾತಿನ ಅವಮಾನ. ಅಂಥವನು ಮುಂದೆ ಸಭೆಯಲ್ಲಿ ಬಾಯಿ ತೆರೆಯಲು ಹೆದರುತ್ತಾನೆ, ಅಥವಾ ಹೆದರಿ ‘ಆನಂದ’ವನ್ನೂ ‘ಹಾನಂದ’ವೆನ್ನುತ್ತಾನೆ.

ದಾರಿ ಯಾವುದು?

ಅಕ್ಷರಗಳನ್ನೇ ಕಡಮೆ ಮಾಡಬೇಕೆಂಬುದು ಒಂದು ವಾದ. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಮಹಾಪ್ರಾಣಗಳನ್ನೂ ಷಕಾರ ಋಕಾರಗಳನ್ನೂ ಬಿಟ್ಟ ‘ಹೊಸ ಬರಹ’ವನ್ನು ಪ್ರತಿಪಾದಿಸಿ, ತಮ್ಮ ಪುಸ್ತಕಗಳನ್ನೇ ಆ ರೀತಿಯಲ್ಲಿ ಬರೆದು ತೋರಿಸಿದರು. ಹಳೆಯ ಸಾಹಿತ್ಯದ ನಂಟು ಕಡಿದೀತೆಂಬುದು ವಿರೋಧಿಗಳ ಅಳಲು. ಬಹುಪಾಲು ಬರಹಗಾರರೂ ಪತ್ರಿಕೆಗಳೂ ಹಳೆಯ ರೂಢಿಯನ್ನೇ ಉಳಿಸಿಕೊಂಡಿವೆ. ಒಪ್ಪಿದ ರೂಢಿ ಇರುವವರೆಗೆ ಅದನ್ನು ಕಲಿಯದೆ ಗತ್ಯಂತರವಿಲ್ಲ.

ಕಲಿಯುವುದಕ್ಕೆ ಬೆತ್ತಕ್ಕಿಂತ ಒಳ್ಳೆಯ ಉಪಾಯವಿದೆ: ಪದವನ್ನು ಬಿಡಿಸಿ ನೋಡುವುದು. ಶುಭ ಮತ್ತು ಆಶಯ ಸೇರಿ ಶುಭಾಶಯ. ಆಶಯದಲ್ಲಿ ಷಕಾರಕ್ಕೆ ಎಡೆಯೆಲ್ಲಿ? ವಿದ್ಯೆಯನ್ನು ಅರ್ಥಿಸುವವನು, ಅಂದರೆ ಬೇಡುವವನು, ವಿದ್ಯಾರ್ಥಿ. ಬಂಧದಿಂದ ಸಂಬಂಧ. ಜಾತಿಗೆ ಅತೀತವಾದದ್ದು ಜಾತ್ಯತೀತ. ‘ಜಾತ್ಯಾತೀತ’ದ ದೀರ್ಘ ಎಲ್ಲಿಂದ ಬಂತು? ಹೀಗೆ ಒಮ್ಮೆ ಬಿಡಿಸಿ ಕಂಡವನು ಮತ್ತೆ ತಪ್ಪುವುದು ಅಪರೂಪ.

ಕೋಪಿಸಿಕೊಳ್ಳಲೇಬೇಕೆಂದಿರುವವರು ಆಳು ನೋಡಿ ಕೋಪಿಸಿಕೊಳ್ಳಲಿ. ಊರಿಗೆಲ್ಲ ಕಾಣುವ ಫಲಕ ಬರೆಸಿದ ಕಚೇರಿ, ಮಕ್ಕಳ ಕೈಗೆ ಪಠ್ಯಪುಸ್ತಕವಿತ್ತವರು, ಸಾವಿರ ಪ್ರತಿ ಅಚ್ಚುಹಾಕುವ ಮುದ್ರಣಾಲಯ ಇವರಿಗೆ ನಿಘಂಟು ನೋಡಲು ಬಿಡುವಿತ್ತು, ಹೊಣೆಯೂ ಇತ್ತು. ಇವರನ್ನು ಕೇಳುವ ಹಕ್ಕು ಓದುಗರಿಗಿದೆ. ಆದರೆ ಮೊದಲ ಬಾರಿಗೆ ಸೀಸದಕಡ್ಡಿ ಹಿಡಿದ ಕೈಯ ‘ಆಲು’ ತಿದ್ದತಕ್ಕದ್ದೇ ಹೊರತು ನಗತಕ್ಕದ್ದಲ್ಲ. ಅಕ್ಷರ ಒಂದು ದಿನ ತಡವಾಗಿ ಬಂದರೂ ನಷ್ಟವಿಲ್ಲ. ನಕ್ಕವರಿಗೆ ಅಂಜಿ ಬರೆಯುವುದನ್ನೇ ಬಿಟ್ಟ ಮಗುವಿಗೆ ಆ ಅಕ್ಷರ ಬರುವುದೇ ಇಲ್ಲ.