ಫಸಲಿ ಸಾಲಿನ ಕಾಗದಗಳು: ಮುಧೋಳ–ಸೇಡಂ ಭಾಗದ ಆರ್ಥಿಕ ಇತಿಹಾಸದ ಸಾಧನಗಳನ್ನು ಕುರಿತು

ಕಾಗಿಣಾ ನದಿಯ ತೀರದ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟವೆಂಬುದು ವಾಚಕರಿಗೆ ವಿದಿತವೇ ಇದೆ. ಅಮೋಘವರ್ಷ ನೃಪತುಂಗನ ಆಸ್ಥಾನವನ್ನೂ, 972ರಲ್ಲಿ ಪರಮಾರ ಸೀಯಕನು ಆ ನಗರವನ್ನು ಸೂರೆಗೊಂಡುದನ್ನೂ ಕುರಿತು ಬರೆದ ವಿದ್ವಾಂಸರು ಹಲವರಿದ್ದಾರೆ. ಆದರೆ ಅದೇ ಮಳಖೇಡದ ರೈತನು ನೂರು ವರ್ಷಗಳ ಹಿಂದೆ ಯಾರ ಹೊಲವನ್ನು ಯಾವ ಕರಾರಿನ ಮೇಲೆ ಉಳುತ್ತಿದ್ದನು, ಕಂದಾಯವನ್ನು ಯಾವ ನಾಣ್ಯದಲ್ಲಿ ತೆರುತ್ತಿದ್ದನು, ಅವನ ಹೊಲದಡಿಯ ಹಾಸುಗಲ್ಲು ಯಾರ ಸೊತ್ತೆಂದು ಎಣಿಸಲ್ಪಡುತ್ತಿತ್ತು ಎಂದು ಕೇಳಿದರೆ, ಉತ್ತರ ಹೇಳಬಲ್ಲವರು ವಿರಳ. ಒಂಬತ್ತನೆಯ ಶತಮಾನವು ನಮಗೆ ಸಮೀಪವಾಗಿಯೂ ಇಪ್ಪತ್ತನೆಯ ಶತಮಾನವು ದೂರವಾಗಿಯೂ ಇರುವುದು ವಿಚಿತ್ರವೇ ಸರಿ. ಸಾಧನಗಳ ಅಭಾವವು ಇದಕ್ಕೆ ಕಾರಣವಲ್ಲ. ಇದ್ದ ಸಾಧನಗಳನ್ನು ಓದುವ ಬಗೆಯನ್ನು ನಾವು ಮರೆತಿರುವುದೇ ಕಾರಣವೆಂದು ನಮ್ಮ ಅಭಿಪ್ರಾಯ.

1929ರಲ್ಲಿ ಫ್ರಾನ್ಸ್ ದೇಶದಲ್ಲಿ ಮಾರ್ಕ್ ಬ್ಲಾಕ್ ಮತ್ತು ಲೂಸಿಯೆನ್ ಫೆವ್ರ್ ಎಂಬ ಪಂಡಿತರು ಆರ್ಥಿಕ ಮತ್ತು ಸಾಮಾಜಿಕ ಇತಿಹಾಸಕ್ಕೆಂದೇ ಒಂದು ಪತ್ರಿಕೆಯನ್ನು ಆರಂಭಿಸಿದರು. 1963ರಲ್ಲಿ ದಿಲ್ಲಿಯಿಂದ ಭಾರತದ ಆರ್ಥಿಕ–ಸಾಮಾಜಿಕ ಇತಿಹಾಸದ ತ್ರೈಮಾಸಿಕವು ಹೊರಟಿತು. ಗ್ರಾಮಜೀವನದ ಇತಿಹಾಸವನ್ನು ಅರಿಯುವವನು ತಿಳಿದ ಇತ್ತೀಚಿನ ಕಾಲದಿಂದ ಹೊರಟು ತಿಳಿಯದ ಹಿಂದಿನ ಕಾಲದ ಕಡೆಗೆ ನಡೆಯಬೇಕೆಂಬುದು ಬ್ಲಾಕನ ಸೂತ್ರ. ಸೇಡಂ, ಚಿತ್ತಾಪುರ, ಚಿಂಚೋಳಿಗಳ ವಿಷಯದಲ್ಲಿ ಆ ಇತ್ತೀಚಿನ ಕಾಲವೆಂದರೆ 1948ರವರೆಗಿನ ನಿಜಾಮರ ಆಡಳಿತ ಮತ್ತು ಅದರ ಬೆನ್ನಿಗೆ ಬಂದ ಹತ್ತು ಹದಿನೈದು ವರ್ಷಗಳು.

ಮೊದಲನೆಯ ತೊಡಕು ಹೆಸರಿನಲ್ಲಿಯೇ ಇದೆ. ಸೇಡಂ ತಾಲ್ಲೂಕಿನ ಮುಧೋಳವನ್ನು ಹುಡುಕುವ ವಿದ್ಯಾರ್ಥಿಗೆ ಗ್ರಂಥಾಲಯದ ಸೂಚಿಗಳಲ್ಲಿ ದೊರೆಯುವುದು ಬಹುಮಟ್ಟಿಗೆ ಘೋರ್ಪಡೆ ಮನೆತನದ ಸಂಸ್ಥಾನವಾಗಿದ್ದ, ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದ ಮುಧೋಳ. ಅದು ಸಾಲದೆಂಬಂತೆ ಹೈದರಾಬಾದ್ ರಾಜ್ಯದಲ್ಲಿಯೇ ನಾಂದೇಡ ಜಿಲ್ಲೆಯಲ್ಲಿ ಇನ್ನೊಂದು ಮುಧೋಳ ತಾಲ್ಲೂಕು ಇದ್ದಿತು. 1956ರಲ್ಲಿ ಅದರ ಬಹುಭಾಗವು ಆಂಧ್ರ ಪ್ರದೇಶಕ್ಕೆ ಸೇರಿತು. ಆದುದರಿಂದ ಹೈದರಾಬಾದಿನ ಕಡತವೊಂದರಲ್ಲಿ ಮುಧೋಳವೆಂಬ ಹೆಸರು ಕಂಡಕೂಡಲೇ ಹಿಗ್ಗದೆ, ಜಿಲ್ಲೆಯು ಗುಲಬರ್ಗಾ ಹೌದೋ ಅಲ್ಲವೋ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು.

ಎರಡನೆಯದು ಕಾಲಗಣನೆ. ಈ ಭಾಗದ ಕಂದಾಯದ ಕಾಗದಗಳೆಲ್ಲ ಫಸಲಿ ಸಾಲಿನಲ್ಲಿವೆ. ಹೈದರಾಬಾದಿನ ಫಸಲಿ ವರ್ಷವು ಅಕ್ಟೋಬರ್ ಮೊದಲ ವಾರದಲ್ಲಿ ಆಜೂರ್ ಮಾಸದಿಂದ ಆರಂಭವಾಗಿ ಆಬಾನ್ ಮಾಸದಲ್ಲಿ ಮುಗಿಯುತ್ತಿತ್ತು. ಫಸಲಿಗೆ 590 ಕೂಡಿಸಿದರೆ ವರ್ಷಾರಂಭದ ಇಸವಿಯೂ, 591 ಕೂಡಿಸಿದರೆ ಜನವರಿಯ ನಂತರದ ಇಸವಿಯೂ ದೊರೆಯುತ್ತದೆ. ಜಾಗೀರುಗಳ ರದ್ದಿಯಾತಿಯ ಕಟ್ಟಳೆಯನ್ನು ಕಾಗದಗಳಲ್ಲಿ 1358 ಫಸಲಿಯದೆಂದು ಕರೆದಿದೆ. ಅದು ಹೊರಟದ್ದು 1949ರ ಆಗಸ್ಟಿನಲ್ಲಿ. ಮದರಾಸಿನ ಫಸಲಿಯಾದರೋ ಜುಲೈ ತಿಂಗಳಲ್ಲಿ ಆರಂಭವಾಗುತ್ತಿತ್ತು. ಬಳ್ಳಾರಿಯ ಕಾಗದಗಳನ್ನು ನೋಡಿ ಪಳಗಿದವರು ಅದೇ ಲೆಕ್ಕವನ್ನು ಸೇಡಮ್ಮಿಗೆ ಹಚ್ಚಿದರೆ ಮುಂಗಾರಿನ ಬೆಳೆಯು ಒಂದು ವರ್ಷ ಆಚೀಚೆಯಾಗಿ ಬಿಡುತ್ತದೆ.

ಮೂರನೆಯದು ಹಿಡುವಳಿಯ ಪರಿಭಾಷೆ. ಇದರಲ್ಲಿ ಸ್ವಲ್ಪ ನಿಲ್ಲಬೇಕಾಗಿದೆ. ಏಕೆಂದರೆ ಇಲ್ಲಿ ಒಂದು ಪದದ ತಪ್ಪು ಓದಿನಿಂದ ಒಂದು ಮನೆತನದ ಸ್ಥಿತಿಯೇ ಬದಲಾಗಿ ಕಾಣಿಸುತ್ತದೆ. 1317 ಫಸಲಿಯ ಹೈದರಾಬಾದ್ ಭೂಕಂದಾಯ ಕಾಯಿದೆಯಲ್ಲಿ ಪಟ್ಟೇದಾರನೆಂದರೆ ಸರಕಾರಕ್ಕೆ ನೇರವಾಗಿ ಕಂದಾಯಕ್ಕೆ ಹೊಣೆಯಾದವನು. ಶಿಕ್ಮೀದಾರನೆಂದರೆ ಪಟ್ಟೇದಾರನಂತೆಯೇ ಭೂಮಿಯಲ್ಲಿ ಹಕ್ಕುಳ್ಳವನು, ಅಥವಾ ಮೊದಲಿನಿಂದ ಅವನೊಡನೆ ಜಂಟಿಯಾಗಿ ಅನುಭವಿಸುತ್ತ ಬಂದವನು. ಆದರೆ ಅಸಾಮಿ ಶಿಕ್ಮಿ ಎಂಬವನು ಪಟ್ಟೇದಾರನಿಂದ ಹೊಲವನ್ನು ಲಾವಣಿಗೆ ಹಿಡಿದ ಕೇವಲ ಗೇಣಿದಾರ. ಒಂದೇ ಮಾತು ಎರಡು ಪದಗಳಲ್ಲಿಯೂ ಇರುವುದರಿಂದ ಅವಸರದ ಓದುಗನು ಗೇಣಿದಾರನನ್ನು ಪಾಲುದಾರನನ್ನಾಗಿಯೋ ಪಾಲುದಾರನನ್ನು ಗೇಣಿದಾರನನ್ನಾಗಿಯೋ ಮಾಡಿಬಿಡುವನು.

ಇದರ ಪರಿಣಾಮವು ಎಷ್ಟು ದೂರ ಹೋಗುವುದೆಂಬುದನ್ನು 1950ರ ಹೈದರಾಬಾದ್ ಗೇಣಿ ಮತ್ತು ವ್ಯವಸಾಯದ ಭೂಮಿಗಳ ಕಾಯಿದೆಯಿಂದ ತಿಳಿಯಬಹುದು. ಅದರ 34ನೆಯ ಕಲಮಿನಂತೆ 1342ರಿಂದ 1352ನೆಯ ಫಸಲಿಯವರೆಗಿನ ಅವಧಿಯಲ್ಲಿ ಆರು ವರ್ಷಗಳಿಗೆ ಕಡಿಮೆಯಿಲ್ಲದಂತೆ ಹೊಲವನ್ನು ಗೇಣಿಗೆ ಹಿಡಿದವನು, ಇತರ ನಿಬಂಧನೆಗಳು ಪೂರೈಸಿದಲ್ಲಿ, ರಕ್ಷಿತ ಗೇಣಿದಾರನಾಗುತ್ತಿದ್ದನು. ನಂತರದ ಕೆಲವು ಅವಧಿಗಳಿಗೂ ಇಂತಹದೇ ನಿಯಮವಿತ್ತು. ಒಂದು ಸರ್ವೆ ನಂಬರಿನ ಮುಂದೆ 1343ರಿಂದ 1349ರವರೆಗೆ ಒಬ್ಬನ ಹೆಸರು ಅಸಾಮಿ ಶಿಕ್ಮಿಯೆಂದು ದಾಖಲಾಗಿದೆಯೆಂದು ಭಾವಿಸೋಣ. ಏಳು ಸಾಲುಗಳಾದವು, ಅಂದ ಬಳಿಕ ಅವನನ್ನು ಸುಲಭವಾಗಿ ಒಕ್ಕಲೆಬ್ಬಿಸಲು ಬರುತ್ತಿರಲಿಲ್ಲ. ಮುಂದೆ ಆ ನಂಬರಿನಲ್ಲಿ ಕಲ್ಲಿನ ಖಣಿ ತೆರೆದಿದ್ದರೆ ಅವನ ಹಕ್ಕು ಏನಾಯಿತು, ರಾಜೀನಾಮೆ ಬರೆದುಕೊಟ್ಟನೇ, ಎಷ್ಟು ಹಣಕ್ಕೆ ಎಂಬ ಪ್ರಶ್ನೆಗಳು ಅಲ್ಲಿಂದ ಹುಟ್ಟುತ್ತವೆ. ಮೈಸೂರಿನ 1961ರ ಭೂಸುಧಾರಣೆಯ ಕಾಯಿದೆಯು 1965ರ ಅಕ್ಟೋಬರ್ 2ರಂದು ಜಾರಿಗೆ ಬರುವವರೆಗೆ ಈ ಜಿಲ್ಲೆಯಲ್ಲಿ ನಡೆದದ್ದು ಹೈದರಾಬಾದಿನ ಕಾಯಿದೆಯೇ. ನಮ್ಮ ಪಠ್ಯಗಳು 1974ರ ತಿದ್ದುಪಡಿಯಿಂದ ಕಥೆಯನ್ನು ಆರಂಭಿಸುವುದರಿಂದ ಈ ಮೊದಲಿನ ಅಂಕವು ವಿದ್ಯಾರ್ಥಿಗಳ ಕಣ್ಣಿಗೆ ಬೀಳುವುದೇ ಇಲ್ಲ.

ನಾಣ್ಯದ ಮಾತನ್ನು ಸಂಕ್ಷೇಪವಾಗಿ ಹೇಳಬಹುದು. ಹೈದರಾಬಾದಿನ ಹಾಲಿ ಸಿಕ್ಕಾ ಏಳು ರೂಪಾಯಿಗಳು ಬ್ರಿಟಿಷ್ ಭಾರತದ ಕಲದಾರ ಆರು ರೂಪಾಯಿಗಳಿಗೆ ಸಮ. ಸೇಡಂ ಪೇಟೆಯ ಜೋಳದ ಧಾರಣೆಯನ್ನು ಸೊಲ್ಲಾಪುರದ ಧಾರಣೆಯೊಡನೆ ಹಾಗೆಯೇ ಹೋಲಿಸಿದವರಿಗೆ ನಮ್ಮ ಕಡೆಯ ಜೋಳವು ಆರನೆಯ ಒಂದು ಪಾಲು ತುಟ್ಟಿಯಾಗಿ ಕಾಣುವುದು ಈ ಕಾರಣದಿಂದ.

ಗಡಿಯ ವಿಷಯವೂ ಹಾಗೆಯೇ. 1951ರ ಜನಗಣತಿಯ ಗುಲಬರ್ಗಾ ಜಿಲ್ಲೆಯಲ್ಲಿ ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕುಗಳು ಸೇರಿದ್ದವು. 1956ರ ನವೆಂಬರ್ 1ರಂದು ಅವು ಆಂಧ್ರಕ್ಕೆ ಹೋದವು. ಈಚೆಗೆ ಯಾದಗಿರಿಯು ಬೇರೆ ಜಿಲ್ಲೆಯಾಗಿದೆ, ಶಹಾಬಾದವು ಚಿತ್ತಾಪುರದಿಂದ ಬೇರ್ಪಟ್ಟ ತಾಲ್ಲೂಕಾಗಿದೆ. ಭೂಮಿಯೊಳಗಿನ ಕಲ್ಲಿಗೆ ಮಾತ್ರ ಈ ಗಡಿಗಳು ತಿಳಿಯವು. ಭೀಮಾ ಜಲಾನಯನದ ಒಂದೇ ಸುಣ್ಣಕಲ್ಲಿನ ಪದರುಗಳು ಇತ್ತ ಶಹಾಬಾದ ಕಲ್ಲೆಂದೂ ಅತ್ತ ತಾಂಡೂರು ಕಲ್ಲೆಂದೂ ಮಾರಾಟವಾಗುತ್ತವೆ.

ಆ ಕಲ್ಲು ಹೊರನಾಡಿಗೆ ಹೋಗಲು ದಾರಿಯಾದದ್ದು ರೈಲು. ಮುಂಬಯಿಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುಮಾರ್ಗವು ಶಹಾಬಾದ, ವಾಡಿಗಳ ಮೇಲೆ ಹಾದು 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಮಾರ್ಗವನ್ನು ಕೂಡಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರುಗಳ ಮಾರ್ಗವಾಗಿ ಸಿಕಂದರಾಬಾದಿಗೆ ನಿಜಾಮರ ರೈಲು ನಡೆಯಿತು. ಎರಡೇ ವರ್ಷಗಳಲ್ಲಿ ಧಾತು ಸಂವತ್ಸರದ ಮಹಾಬರ ಬಿದ್ದಿತು. ಆಗ ಈ ನಿಲ್ದಾಣಗಳಲ್ಲಿ ಧಾನ್ಯವು ಇಳಿಯಿತೋ ಏರಿತೋ? ಇದೊಂದೇ ಪ್ರಶ್ನೆಯು ಪ್ರಬಂಧವೊಂದಕ್ಕೆ ಸಾಕಾದ ವಸ್ತು. ಪದರುಪದರಾಗಿ ಹಾರೆಗೆ ಏಳುವ ಫರಸಿಯು ರೈಲೇರಿ ಮುಂಬಯಿ ಕಡೆಯ ಮನೆಗಳ ನೆಲವಾಯಿತು. ಅದೇ ಸುಣ್ಣಕಲ್ಲಿನ ಬಲದಿಂದ ಶಹಾಬಾದದಲ್ಲಿ ಸಿಮೆಂಟಿನ ಕಾರ್ಖಾನೆ ನಿಂತು, 1936ರಲ್ಲಿ ಎ.ಸಿ.ಸಿ. ಸಂಸ್ಥೆ ರೂಪುಗೊಂಡಾಗ ಅದರಲ್ಲಿ ಸೇರಿತು. ತರುವಾಯ ವಾಡಿಯಲ್ಲಿಯೂ, 1980ರ ದಶಕದಲ್ಲಿ ಮಳಖೇಡ, ಸೇಡಮ್ಮುಗಳಲ್ಲಿಯೂ ಕಾರ್ಖಾನೆಗಳು ಎದ್ದವು. ಸಂಸ್ಥೆಗಳ ಚರಿತ್ರೆಯನ್ನು ವಾರ್ಷಿಕ ವರದಿಗಳಿಂದ ಬರೆಯಬಹುದು. ಖಣಿಯಲ್ಲಿ ಕಲ್ಲು ಎಬ್ಬಿಸಿದ ಹೆಣ್ಣುಗಂಡುಗಳ ಸಂಗತಿಯನ್ನು ಅವುಗಳಿಂದ ಬರೆಯಲಾಗದು. ಸುಗ್ಗಿಯ ಕಾಲಕ್ಕೆ ಅವರು ಹೊಲಕ್ಕೆ ಮರಳುತ್ತಿದ್ದರೆ ಅದರ ಸುಳಿವು ಸಿಗಬೇಕಾದದ್ದು ಪಹಣಿಯಲ್ಲಿ, ವಸೂಲಬಾಕಿಯಲ್ಲಿ, ಸಾಲದ ಚೀಟಿಗಳಲ್ಲಿ.

ಈ ಕಾಗದಗಳ ಭಾಷೆ 1880ರ ದಶಕದಿಂದೀಚೆಗೆ ಪ್ರಾಯಶಃ ಉರ್ದು. ಬರಹ ಬಹುಪಾಲು ಚುಕ್ಕೆಗಳನ್ನು ನುಂಗುವ ಶಿಕಸ್ತಾ ಲಿಪಿಯದು. ಕೆಲವೆಡೆ ಮೋಡಿ, ಕೆಲವೆಡೆ ಕನ್ನಡ. 1963ರ ಫೆಬ್ರುವರಿಯಲ್ಲಿ ಗ್ರಾಮದ ವಂಶಪಾರಂಪರ್ಯದ ಹುದ್ದೆಗಳು ರದ್ದಾದಾಗ ದಫ್ತರಗಳೆಲ್ಲ ಕಚೇರಿಯನ್ನು ಸೇರಲಿಲ್ಲ. ಎಷ್ಟೋ ಗಂಟುಗಳು ಕುಲಕರ್ಣಿಗಳ ಮನೆಯ ಅಟ್ಟದಲ್ಲಿಯೇ ಉಳಿದವು. ತಾಲ್ಲೂಕು ಕಚೇರಿಗಳ ಹಳೆಯ ಕಾಗದಗಳ ಚಿತ್ರ ತೆಗೆದಿಡುವ ಸರಕಾರದ ಕಾರ್ಯವು ಸ್ತುತ್ಯವಾದದ್ದು. ಆದರೆ ಚಿತ್ರವನ್ನು ಓದುವವರು ಬೇಕಲ್ಲ! ಫಸಲಿ ಸಾಲಿನಲ್ಲಿ ಸ್ವತಃ ಲೆಕ್ಕ ಬರೆದ ಕೈಗಳು ಇಂದು ಬೆರಳೆಣಿಕೆಯವು. ಚಿತ್ತಾಪುರದ ಬಳಿಯ ನಾಗಾವಿಯ ಘಟಿಕಾಸ್ಥಾನದ 1058ರ ಶಾಸನವು ವೇದಶಾಸ್ತ್ರಗಳ ಉಪಾಧ್ಯಾಯರ ಜೊತೆಗೆ ಆರು ಮಂದಿ ಸರಸ್ವತೀಭಂಡಾರಿಗರನ್ನೂ, ಎಂದರೆ ಪುಸ್ತಕಗಳ ಪಾಲಕರನ್ನೂ ಹೆಸರಿಸುತ್ತದೆ. ಇಂದಿನ ಕಾಲೇಜುಗಳಲ್ಲಿ ಆ ಪ್ರಮಾಣವನ್ನು ನಾವು ನಿರೀಕ್ಷಿಸುವುದಿಲ್ಲ. ತಾಲ್ಲೂಕಿಗೆ ಒಬ್ಬರಾದರೂ ಶಿಕಸ್ತಾ ಬಲ್ಲ ತರುಣರು ಸಿದ್ಧರಾದರೆ ಸಾಕು.

ಸೇಡಂ, ಚಿಂಚೋಳಿ, ಚಿತ್ತಾಪುರಗಳ ಕಾಲೇಜು ಅಧ್ಯಾಪಕರಲ್ಲಿ ನಮ್ಮ ವಿನಂತಿಯಿಷ್ಟೆ. ಊರಿನ ಯಾವ ಮನೆಯಲ್ಲಿಯಾದರೂ ಇಂತಹ ಗಂಟು ಕಂಡುಬಂದಲ್ಲಿ ಮನೆಯವರ ಒಪ್ಪಿಗೆಯಿಲ್ಲದೆ ಅದನ್ನು ಬಿಚ್ಚಬಾರದು; ಬಿಚ್ಚಿದಲ್ಲಿ ಕಾಗದಗಳ ಕ್ರಮವನ್ನು ಕದಲಿಸಬಾರದು. ಮೊದಲು ಪ್ರತಿ ಪುಟದ ಮೇಲಿನ ಅಂಕಣಗಳ ತಲೆಬರಹವನ್ನೂ ಫಸಲಿ ಸಾಲನ್ನೂ ಸರ್ವೆ ನಂಬರನ್ನೂ ನಕಲು ಮಾಡಿಕೊಳ್ಳಬೇಕು. ಹೆಸರುಗಳನ್ನು ಓದುವುದು ಆಮೇಲಿನ ಕೆಲಸ. ಮನೆಯ ಹಿರಿಯರಲ್ಲಿ ಉರ್ದು ಬಲ್ಲವರಿದ್ದರೆ ಅವರು ಓದಿ ಹೇಳಿದ್ದನ್ನು ಅವರ ಉಚ್ಚಾರದಲ್ಲಿಯೇ ಬರೆದಿಡಬೇಕು. ಗಂಟಿನ ಬಟ್ಟೆಯ ಮೇಲೆ ಮಸಿಯ ಅಕ್ಷರಗಳಿದ್ದರೆ ಅವುಗಳನ್ನೂ ಬಿಡಬಾರದು. ಊರಿನ ಹೆಸರೂ ಸಾಲೂ ಅನೇಕ ವೇಳೆ ಅಲ್ಲಿ ಮಾತ್ರ ಉಳಿದಿರುತ್ತವೆ.