ಕಾಣುವ ದರ್ಜೆ, ಕಾಣದ ಗುಣ

ಪತ್ರಿಕೆಯಲ್ಲಿ ತೀರ್ಥಹಳ್ಳಿ ಮಾರುಕಟ್ಟೆಯ ಅಡಿಕೆ ಧಾರಣೆ ಓದುವವರಿಗೆ ಸರಕು, ಬೆಟ್ಟೆ, ಇಡಿ, ರಾಶಿ, ಗೊರಬಲು ಎಂಬ ಹೆಸರುಗಳು ಹೊಸವಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಕೋಣಂದೂರು ಸುತ್ತಿನ ತೋಟಗಳಲ್ಲಿ ಕೊನೆ ಯಾವ ಹದದಲ್ಲಿ ಇಳಿಯಿತು ಎಂಬುದರ ಮೇಲೆ ಅಡಿಕೆಯ ಹಣೆಬರಹ ನಿಂತಿದೆ. ಎಳೆಯದನ್ನು ಸುಲಿದು, ಹಂಡೆಯಲ್ಲಿ ಬೇಯಿಸಿ, ಚೊಗರು ಹಿಡಿಸಿ ಒಣಗಿಸಿದರೆ ಸರಕೋ ಬೆಟ್ಟೆಯೋ ಆಗುತ್ತದೆ. ಬಲಿತದ್ದು ಗೊರಬಲಿಗೆ ಇಳಿಯುತ್ತದೆ. ಎರಡರ ನಡುವಿನ ಬೆಲೆಯ ಅಂತರ ದೊಡ್ಡದು. ಸಾಗರದ ಕಡೆ ಹೋದರೆ ಪಟ್ಟಿಯೇ ಬೇರೆ: ಚಾಲಿ, ಕೋಕಾ, ಕೆಂಪುಗೋಟು, ಬಿಳಿಗೋಟು, ಸಿಪ್ಪೆಗೋಟು.

ಈ ದರ್ಜೆಗೆ ಯಾರೂ ಪ್ರಮಾಣಪತ್ರ ಕೇಳುವುದಿಲ್ಲ. ಖರೀದಿದಾರ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆಯುತ್ತಾನೆ. ಬಣ್ಣ ನೋಡುತ್ತಾನೆ, ಒಂದನ್ನು ಒಡೆದು ಒಳಗಿನ ತಿರುಳು ನೋಡುತ್ತಾನೆ. ಮಾಲು ಎದುರಿಗಿದೆ, ಬೆಳೆಗಾರನೂ ಎದುರಿಗಿದ್ದಾನೆ. ತಕರಾರಿದ್ದರೆ ಅಲ್ಲೇ ತೀರ್ಮಾನ. 1939ರಷ್ಟು ಹಿಂದೆಯೇ ಶುರುವಾದ ಶಿವಮೊಗ್ಗದ ಮಾಮ್ಕೋಸ್‌ನಂಥ ಸಹಕಾರ ಸಂಘಗಳ ವಹಿವಾಟು ನಡೆದುಬಂದಿರುವುದು ಈ ಕಣ್ಣಳತೆಯ ಮೇಲೆ.

ಆದರೆ ಅದೇ ಚೀಲದ ಅಡಿಕೆಗೋ ಪಕ್ಕದ ಚೀಲದ ಕಾಳುಮೆಣಸಿಗೋ ಯಾವ ಔಷಧ ಹೊಡೆದಿದ್ದರು, ಬುಡಕ್ಕೆ ಯಾವ ಗೊಬ್ಬರ ಬಿದ್ದಿತ್ತು ಎನ್ನುವುದು ಎಂಥ ಪಳಗಿದ ಕಣ್ಣಿಗೂ ಕಾಣುವುದಿಲ್ಲ. ಅಲ್ಲಿಂದ ಮುಂದೆ ಕಾಗದಪತ್ರದ ಕೆಲಸ.

ಕಣ್ಣನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಬೆಲ್ಲವೇ ಉದಾಹರಣೆ. ಅಂಗಡಿಯಲ್ಲಿ ಗಿರಾಕಿಯ ಕೈ ಹೋಗುವುದು ಹಳದಿ ಬಣ್ಣದ ಅಚ್ಚಿನ ಕಡೆಗೆ. ಆ ಹೊಳಪು ಎಷ್ಟೋ ಸಲ ಹೈಡ್ರೋಸ್ ಎಂಬ ರಾಸಾಯನಿಕದ ಕೊಡುಗೆ. ಅದನ್ನು ಹಾಕದ ಬೆಲ್ಲ ಕಂದಾಗಿ, ಮಂಕಾಗಿ ಮೂಲೆಯಲ್ಲಿ ಕೂತಿರುತ್ತದೆ. ಕಾಳುಮೆಣಸಿನದೂ ಇದೇ ಕಥೆ. 2012ರ ಕೊನೆಗೆ ಕೊಚ್ಚಿಯ ಗೋದಾಮುಗಳಲ್ಲಿದ್ದ ಮೆಣಸಿಗೆ ಖನಿಜ ತೈಲ ಸವರಿದ್ದು ಪತ್ತೆಯಾಗಿ, ಆಹಾರ ಸುರಕ್ಷತಾ ಅಧಿಕಾರಿಗಳು ಭಾರೀ ಪ್ರಮಾಣದ ದಾಸ್ತಾನಿಗೆ ಬೀಗಮುದ್ರೆ ಹಾಕಿದ್ದರು.

ಇಷ್ಟಾಗಿಯೂ ನಮ್ಮ ಆಹಾರ ಕಾನೂನು ತೋಟದ ದಣಪೆಯ ಹೊರಗೇ ನಿಲ್ಲುತ್ತದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 18ನೇ ಕಲಮು ರೈತನನ್ನೂ ಅವನ ಬೇಸಾಯವನ್ನೂ ಅವನ ಬೆಳೆಯನ್ನೂ ಕಾಯ್ದೆಯ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಉಪ್ಪಿನಕಾಯಿ ಹಾಕಿ ಮಾರುವವರಿಗೆ ನೋಂದಣಿ ಬೇಕು, ಮಾವಿನ ಮಿಡಿ ಬೆಳೆದವರಿಗೆ ಬೇಡ. ತೋಟದೊಳಗೆ ಏನು ನಡೆಯಿತು ಎಂದು ಕೊಳ್ಳುವವರಿಗೆ ಹೇಳುವ ಕೆಲಸ ಹೀಗೆ ಸ್ವಯಂಪ್ರೇರಿತ ಯೋಜನೆಗಳ ಪಾಲಿಗೆ ಬಂತು. ಬ್ರಿಟನ್ನಿನಲ್ಲಿ 2000ದಲ್ಲಿ ಬಂದ ‘ರೆಡ್ ಟ್ರ್ಯಾಕ್ಟರ್’ ಮುದ್ರೆ ಅಂಥದ್ದು. ನಮ್ಮಲ್ಲಿ ಅದಕ್ಕೆ ಹತ್ತಿರದ್ದು ಸಾವಯವ ಪ್ರಮಾಣೀಕರಣ.

ಅದರಲ್ಲಿ ಎರಡು ದಾರಿಗಳಿವೆ. ರಫ್ತಿಗೂ ಸಲ್ಲುವ, ಎನ್‌ಪಿಒಪಿ ಎಂದು ಕರೆಯುವ ರಾಷ್ಟ್ರೀಯ ಕಾರ್ಯಕ್ರಮ 2001ರಿಂದ ಜಾರಿಯಲ್ಲಿದೆ. ಇದರಲ್ಲಿ ಹೊರಗಿನ ಸಂಸ್ಥೆಯ ಪರಿವೀಕ್ಷಕರು ತೋಟಕ್ಕೆ ಬರುತ್ತಾರೆ, ಶುಲ್ಕ ಬೆಳೆಗಾರನದು. ಅಡಿಕೆ, ಮೆಣಸಿನಂಥ ಬಹುವಾರ್ಷಿಕ ಬೆಳೆಯಾದರೆ ರಾಸಾಯನಿಕ ಬಿಟ್ಟು ಮೂರು ವರ್ಷ ಕಾಯಬೇಕು. ಅಷ್ಟೂ ದಿನ ಗೊಬ್ಬರ ತಂದ ರಸೀದಿ, ಸಿಂಪಡಣೆಯ ದಿನಾಂಕ, ಕೊಯ್ಲಿನ ಲೆಕ್ಕ ಎಲ್ಲವೂ ದಾಖಲಾಗಬೇಕು. ಸಾವಯವವೆಂದರೆ ಏನನ್ನೂ ಸಿಂಪಡಿಸದ ತೋಟ ಎಂದು ಪೇಟೆಯವರು ತಿಳಿದಿರುವುದುಂಟು. ಮಲೆನಾಡಿನ ಮಳೆಗಾಲದಲ್ಲಿ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಯದೆ ಅಡಿಕೆ ಉಳಿಸಿಕೊಳ್ಳುವುದು ಕಷ್ಟ. ತಾಮ್ರದ ಬಳಕೆಯನ್ನು ಸಾವಯವ ನಿಯಮ ಪೂರ್ತಿ ಕಿತ್ತುಹಾಕಿಲ್ಲ, ಮಿತಿ ಹಾಕಿ ಬಿಟ್ಟಿದೆ.

ಇನ್ನೊಂದು ದಾರಿ ಪಿಜಿಎಸ್, ಅಂದರೆ ಸಹಭಾಗಿತ್ವದ ಖಾತರಿ. ಕನಿಷ್ಠ ಐದು ರೈತರು ಗುಂಪು ಕಟ್ಟಿ ಒಬ್ಬರ ತೋಟವನ್ನು ಮತ್ತೊಬ್ಬರು ನೋಡಿ ಸಾಕ್ಷಿ ಹೇಳುತ್ತಾರೆ. ಖರ್ಚು ಹೆಚ್ಚೇನೂ ಇಲ್ಲ, ಆದರೆ ಈ ಮುದ್ರೆ ರಫ್ತಿಗೆ ನಡೆಯುವುದಿಲ್ಲ. ನೆರೆಯವನ ತಪ್ಪನ್ನು ನೆರೆಯವನು ಎತ್ತಿ ಹೇಳುತ್ತಾನೆಯೇ ಎಂಬ ಅನುಮಾನ ಸಹಜ. ಊರಲ್ಲಿ ಯಾರು ಯಾವ ಅಂಗಡಿಯಿಂದ ಏನು ತಂದರು ಎಂಬುದು ಪಕ್ಕದ ಮನೆಯವರಿಗೆ ಗೊತ್ತಿರುವಷ್ಟು ವರ್ಷಕ್ಕೊಮ್ಮೆ ಬರುವ ಪರಿವೀಕ್ಷಕನಿಗೆ ಗೊತ್ತಿರುವುದಿಲ್ಲ ಎಂಬುದೂ ಅಷ್ಟೇ ನಿಜ. ಹಾಗೆ ನೋಡಿದರೆ ಸಾವಯವ ನಮ್ಮಲ್ಲಿ ಹಳೆಯ ಮಾತೇ: ಕರ್ನಾಟಕ 2004ರಲ್ಲೇ ಸಾವಯವ ಕೃಷಿ ನೀತಿ ತಂದ ರಾಜ್ಯ. ತೀರ್ಥಹಳ್ಳಿಯ ಕುರುವಳ್ಳಿಯಲ್ಲಿ ಪುರುಷೋತ್ತಮ ರಾಯರು ಕಟ್ಟಿದ ಕೃಷಿ ಪ್ರಯೋಗ ಪರಿವಾರ ಈ ಭಾಗದ ರೈತರಲ್ಲಿ ಸಾವಯವದ ಮಾತು ಬಿತ್ತಿತ್ತು.

ಹೊರಗಿನ ಸಂಸ್ಥೆಯ ಕಾಗದವೂ ಅಲುಗಾಡದ್ದೇನಲ್ಲ. ಭಾರತದಿಂದ ಹೋದ ಸಾವಯವ ಎಳ್ಳು ಮುಂತಾದವುಗಳಲ್ಲಿ ಎಥಿಲೀನ್ ಆಕ್ಸೈಡ್ ಕಂಡುಬಂದ ಮೇಲೆ, 2022ರ ಜನವರಿಯಿಂದ ಐರೋಪ್ಯ ಒಕ್ಕೂಟ ಇಲ್ಲಿನ ಐದು ಪ್ರಮಾಣೀಕರಣ ಸಂಸ್ಥೆಗಳ ಮಾನ್ಯತೆಯನ್ನು ಕೈಬಿಟ್ಟಿತು. ಅವುಗಳನ್ನು ನಂಬಿ ಮೂರು ವರ್ಷ ಪುಸ್ತಕ ಬರೆದ ಪ್ರಾಮಾಣಿಕ ರೈತನೂ ಅದೇ ಸಾಲಿನಲ್ಲಿ ನಿಲ್ಲಬೇಕಾಯಿತು.

ಅಳತೆಗೋಲು ಯಾರ ಕೈಯಲ್ಲಿರಬೇಕು ಎಂಬ ಜಗಳ ಈ ನೆಲಕ್ಕೆ ಹೊಸದಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದಾಗ, ಭತ್ತ ಅಳೆಯುವ ಕೊಳಗದ ಗಾತ್ರವೇ ದೊಡ್ಡ ತಕರಾರಾಗಿತ್ತು. ಇಂದಿನ ಮುದ್ರೆಗಳಲ್ಲೂ ನಿಯಮ ಬರೆಯುವವರು ದೂರದಲ್ಲಿದ್ದಾರೆ; ಪಾಲಿಸುವ ಖರ್ಚು, ಬರೆದಿಡುವ ಹೊರೆ ತೋಟದವನದು.

ಭೌಗೋಳಿಕ ಸೂಚಕ, ಅಂದರೆ ಜಿಐ, ಇದಕ್ಕಿಂತ ಬೇರೆ ಜಾತಿಯದು. ಬೆಳೆ ಹೇಗೆ ಬೆಳೆಯಿತು ಎಂಬುದಕ್ಕಿಂತ ಎಲ್ಲಿ ಬೆಳೆಯಿತು ಎನ್ನುವುದೇ ಅಲ್ಲಿ ಮುಖ್ಯ. ಹೊಳೆದಂಡೆಗಳ ಅಪ್ಪೆಮಿಡಿಗೆ ಜಿಐ ಇದೆ. ಹೊಸನಗರ ತಾಲ್ಲೂಕಿನ ರಿಪ್ಪನ್‌ಪೇಟೆ ಮಿಡಿ ವ್ಯಾಪಾರಕ್ಕೆ ಹೆಸರಾದ ಊರು. 2019ರಲ್ಲಿ ಶಿರಸಿ ಸುಪಾರಿಗೂ ಜಿಐ ಸಿಕ್ಕಿತು, ಅದರ ಗಡಿ ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳು. ಸಿದ್ದಾಪುರದ ಗಡಿ ದಾಟಿ ಸಾಗರಕ್ಕೆ ಕಾಲಿಟ್ಟರೆ ಅಡಿಕೆ ಎಷ್ಟೇ ಚೆನ್ನಾಗಿರಲಿ, ಆ ಹೆಸರು ಹಾಕುವಂತಿಲ್ಲ.

ಇನ್ನು ಅಂಗಡಿಯಲ್ಲಿ ನಿಂತವರ ಪಾಡು. ಪೊಟ್ಟಣದ ಮೇಲಿನ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಚಿಹ್ನೆ ಮತ್ತು 14 ಅಂಕಿಗಳು ತಯಾರಕ ಯಾರು, ಕಾನೂನಿಗೆ ಉತ್ತರ ಕೊಡಬೇಕಾದವ ಯಾರು ಎಂದಷ್ಟೇ ತಿಳಿಸುತ್ತವೆ. ಅದು ಶ್ರೇಷ್ಠತೆಯ ಬಿರುದಲ್ಲ. 1937ರ ಕಾಯ್ದೆಯಿಂದ ಬಂದ ಅಗ್‌ಮಾರ್ಕ್ ಪದಾರ್ಥದ ದರ್ಜೆ ಹೇಳುತ್ತದೆ, ಬೇಸಾಯದ ಕ್ರಮವನ್ನಲ್ಲ. ಸಾವಯವ ಎಂದು ಬರೆದಿದ್ದರೆ ಅಧಿಕೃತ ಸಾವಯವ ಚಿಹ್ನೆಯನ್ನೂ ಅದರ ಜತೆಗೆ ಎನ್‌ಪಿಒಪಿ ಅಥವಾ ಪಿಜಿಎಸ್ ಗುರುತನ್ನೂ ಹುಡುಕಬೇಕು. ‘ನೈಸರ್ಗಿಕ’, ‘ತೋಟದಿಂದ ನೇರ’, ‘ಅಜ್ಜಿಯ ಕೈರುಚಿ’ ಎಂಬ ಬರಹಗಳ ಹಿಂದೆ ತೋಟ ನೋಡಿಬಂದ ಪರಿವೀಕ್ಷಕ ಇರುವುದಿಲ್ಲ. ಸಣ್ಣ ಬೆಳೆಗಾರ ತಾನೇ ಗಿರಾಕಿಗೆ ನೇರವಾಗಿ ಮಾರುವ ಸಾವಯವ ಪದಾರ್ಥಕ್ಕೆ 2017ರ ನಿಯಮಗಳು ಪ್ರಮಾಣಪತ್ರದಿಂದ ವಿನಾಯಿತಿ ಕೊಟ್ಟಿವೆ, ಹಾಗೆ ಮಾರುವಾಗ ಸಾವಯವ ಚಿಹ್ನೆ ಮಾತ್ರ ಹಾಕುವಂತಿಲ್ಲ. ಅಂಥ ಕಡೆ ಗೊಬ್ಬರ ಯಾವುದು, ಕೊಳೆಗೆ ಎಷ್ಟು ಸಲ ಹೊಡೆದಿರಿ ಎಂದು ಬೆಳೆದವರನ್ನೇ ಕೇಳಿ ಕೊಳ್ಳಬಹುದು.